ಮೀನು ಕಾಣದ ರೀಲು

ಧಾರವಾಡದಲ್ಲಿ ನಮ್ಮ ಮನೆತನ ನಿನ್ನೆ ಮೊನ್ನೆ ಬಂದದ್ದಲ್ಲ. ನಮ್ಮ ಮಾವನವರ ಅಜ್ಜ ಇಲ್ಲಿ ಮನೆ ಕಟ್ಟಿಸಿದಾಗ ಈ ಓಣಿಗೆ ಹೆಸರೇ ಇರಲಿಲ್ಲ. ನಮ್ಮ ಹಿತ್ತಲಿನ ಬಾವಿಯಿಂದ ಓಣಿಯವರೆಲ್ಲ ನೀರು ಸೇದಿದ್ದಾರೆ. ಸೇದಿ, ನೀರು ಸಪ್ಪೆ ಎಂದೂ ಹೇಳಿ ಹೋಗಿದ್ದಾರೆ. ಮಾವನವರ ತಂದೆ ಶಾಲೆಯ ಮಾಸ್ತರರು. ಊರಿನ ಅರ್ಧ ಜನ ಅವರಿಂದ ಅಕ್ಷರ ಕಲಿತವರು, ಇನ್ನರ್ಧ ಜನ ಅವರ ಛಡಿಗೆ ಹೆದರಿ ಶಾಲೆ ಬಿಟ್ಟವರು. ಮಾವನವರು ಕಾರವಾರ ಬಂದರದಲ್ಲಿ ಸುಂಕದ ಅಧಿಕಾರಿಯಾಗಿದ್ದು, ಯಾರಿಂದಲೂ ಒಂದು ತೆಂಗಿನಕಾಯಿಯನ್ನು ಸಹ ಮುಟ್ಟದೆ ಪಿಂಚಣಿಗೆ ಬಂದವರು. ನಾನು ಬೆಳಗಾವಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ವಸ್ತುವನ್ನು ತೆಗೆದಲ್ಲೇ ಇಡಬೇಕು, ಬೆನ್ನು ನೇರವಾಗಿರಬೇಕು, ಆಡಿದ ಮಾತಿಗೆ ಹೊಣೆಯಾಗಬೇಕು ಎಂದು ಅಲ್ಲಿಯ ಸಿಸ್ಟರುಗಳು ಕಲಿಸಿದರು. ಮೂರನ್ನೂ ನಾನು ಬಿಟ್ಟಿಲ್ಲ.

ಇಂಥ ಮನೆಯ ಮೇಲೆ, ಇವರು ಮೀನು ತಿನ್ನುವವರು ಎಂಬ ಮಾತು ಬಂದಿದೆ. ಆಡಿದವರು ನಮ್ಮ ಎದುರುಮನೆಯ ವಕೀಲರು. "ಅವರ ಪಂಕ್ತಿಯೊಳಗ ಹೆಂಗ ಕೂಡೂದು?" ಎಂದೂ ಅವರು ನಾಲ್ಕು ಜನರ ಮುಂದೆ ಕೇಳಿದ್ದಾರೆ. ಇದಕ್ಕೆಲ್ಲ ಕಾರಣ ನಮ್ಮ ಮನೆಯಲ್ಲಿರುವ, ಗಾಳದ ದಾರ ಸುತ್ತುವ ಒಂದು ಹಿತ್ತಾಳೆಯ ರೀಲು. ಊರಲ್ಲಿ ಯಾರ ಮನೆಯಲ್ಲೂ ಇಲ್ಲದ ವಸ್ತು ಒಂದು ಮನೆಯಲ್ಲಿದ್ದರೆ, ಆ ಮನೆಯವರು ಎಷ್ಟೇ ಗಂಭೀರವಾಗಿರಲಿ, ನಗುವ ಪ್ರಸಂಗಗಳು ತಾವಾಗಿಯೇ ಬಾಗಿಲು ಹುಡುಕಿಕೊಂಡು ಬರುತ್ತವೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಗುವವರು ನಗಲಿ. ಆದರೆ ಕೊನೆಯವರೆಗೂ ಓದಲಿ.

ರಬ್ಬರಿನ ಚೆಂಡು

ದೀಪಾವಳಿ ಕಳೆದ ಮೇಲೆ ಮಾವನವರಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಕಾಲು ತಡವಾಗಿ ಮರಳಿತು, ಬಲಗೈ ಮಾತ್ರ ಮರಳಲಿಲ್ಲ. ಬೆರಳುಗಳು ಮಡಚುತ್ತಿರಲಿಲ್ಲ. ಎಡಗೈಯಿಂದ ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಅವರು ಪಂಕ್ತಿಯಲ್ಲಿ ಕೂಡುವುದನ್ನೇ ಬಿಟ್ಟರು. ಕೋಣೆಯ ಬಾಗಿಲು ಹಾಕಿಸಿಕೊಂಡು, ನಾನು ಚಮಚೆಯಿಂದ ಉಣಿಸಿದ್ದನ್ನು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ವೈಶಾಖದಲ್ಲಿ ನನ್ನ ಮಗಳ ಲಗ್ನ ಗೊತ್ತಾಗಿತ್ತು.

"ಲಗ್ನದ ಪಂಕ್ತಿಗೆ ನನ್ನ ಕರೀಬ್ಯಾಡವಾ," ಎಂದರು ಒಂದು ದಿನ. "ಮನಿ ಹಿರಿಯಾ ಚಮಚೆಲೆ ಉಣ್ಣೂದನ್ನ ಬೀಗರು ನೋಡಬಾರದು."

ಮೊಮ್ಮಗಳ ಲಗ್ನದಲ್ಲಿ ಅಜ್ಜನ ಎಲೆ ಖಾಲಿ ಇರುವುದೆಂದರೆ ಏನು? ನಾನು ಡಾಕ್ಟರರನ್ನು ಕರೆಸಿದೆ. ಅವರು ಒಂದು ರಬ್ಬರಿನ ಚೆಂಡು ಕೊಟ್ಟು, "ದಿನಾ ಇದನ್ನ ಹಿಚುಕ್ರಿ ರಾಯರ," ಎಂದರು.

"ನಾ ಏನು ಕೂಸೇನ್ರಿ, ಚೆಂಡಾಡ್ಲಿಕ್ಕೆ?"

"ಹಂಗಾದ್ರ ಏನರೆ ಹಿಡಿಕಿ ಹಿಡದು ತಿರಗಸ್ರಿ. ಬೀಸೂಕಲ್ಲಾದ್ರೂ ಅಡ್ಡಿ ಇಲ್ಲ."

ಸುಂಕದ ಅಧಿಕಾರಿಗೆ ಬೀಸುವ ಕಲ್ಲು! ಮಾವನವರು ಡಾಕ್ಟರರನ್ನು ಕಳ್ಳಸಾಗಣೆಯ ದೋಣಿಯನ್ನು ನೋಡಿದ ಹಾಗೆ ನೋಡಿದರು. ಆಮೇಲೆ ಅವರ ಕಣ್ಣು ಅಟ್ಟದ ಕಡೆಗೆ ಹೋಯಿತು. "ಮ್ಯಾಲೆ ತಗಡಿನ ಟ್ರಂಕಿನ್ಯಾಗ ನನ್ನ ರೀಲ್ ಅದ. ಅದನ್ನ ತಿರಗಸ್ತೇನಿ," ಎಂದರು.

ಆ ರೀಲಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಾರವಾರದಲ್ಲಿ ಒಬ್ಬ ಸಾಹೇಬ ಸಂಜೆ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಸಮುದ್ರದ ಮೀನು ಹಿಡಿಯುತ್ತಿದ್ದ. ಉದ್ದ ಕೋಲು, ಕೋಲಿಗೆ ದಾರ ಸುತ್ತಿದ ಈ ರೀಲು. ಮಾವನವರು ಗಾಳ ಮುಟ್ಟುವವರಲ್ಲ. ಆದರೆ ದಾರದ ತುದಿಗೆ ಬರೀ ಸೀಸದ ಗುಂಡು ಕಟ್ಟಿಕೊಂಡು, ಯಾರು ಹೆಚ್ಚು ದೂರ ಎಸೆಯುತ್ತಾರೆಂದು ಸಾಹೇಬನೊಡನೆ ಪಂದ್ಯ ಕಟ್ಟಿ, ಗೆದ್ದರು. ಸಾಹೇಬ ತನ್ನ ದೇಶಕ್ಕೆ ಹೊರಟಾಗ ರೀಲನ್ನು ಇವರಿಗೇ ಕೊಟ್ಟು ಹೋದ. ಈ ಕಥೆಯನ್ನು ಮಾವನವರು ಪ್ರತಿ ಯುಗಾದಿಗೆ ಹೇಳುತ್ತಿದ್ದರು. ಪ್ರತಿ ಯುಗಾದಿಗೂ ಆ ಗುಂಡು ಇನ್ನಷ್ಟು ದೂರ ಹೋಗಿ ಬೀಳುತ್ತಿತ್ತು. ಲಕ್ವ ಹೊಡೆಯದಿದ್ದರೆ ಈ ವರ್ಷ ಅದು ಗೋವೆ ಮುಟ್ಟುತ್ತಿತ್ತು.

ಮತ್ಸ್ಯಾವತಾರ

ಟ್ರಂಕು ಇಳಿಸಿ ನೋಡಿದರೆ ರೀಲು ಹಸಿರು ಕಿಲುಬು ಹಿಡಿದು ಕೂತಿತ್ತು. ಕಾರವಾರದ ಉಪ್ಪುನೀರು ಅದರ ಹೊಟ್ಟೆಯೊಳಗೇ ಒಣಗಿ ಹರಳಾಗಿತ್ತು. ಹಿಡಿಕೆ ಅಲುಗಾಡಲಿಲ್ಲ. ಬೆಳಿಗ್ಗೆ ನೋಡೋಣವೆಂದು ಅದನ್ನು ಪಡಸಾಲೆಯ ಗೂಡಿನಲ್ಲಿಟ್ಟೆ.

ನಮ್ಮ ಮನೆಯ ಅಡಿಗೆಯಾಕೆ ಮಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸ್ನಾನ ಮಾಡಿ ಬಂದವಳ ಹತ್ತಿರ ಗಾಳಿ ಸಹ ಕೇಳಿಕೊಂಡೇ ಬೀಸಬೇಕು. ಬೆಳಿಗ್ಗೆ ನಾನು ಹೊರಗೆ ಬಂದು ನೋಡಿದರೆ ರೀಲಿಗೆ ಅರಿಶಿಣ, ಕುಂಕುಮ, ಮೇಲೊಂದು ದಾಸವಾಳ, ಮುಂದೆ ಸಕ್ಕರೆಯ ನೈವೇದ್ಯ.

"ಇದೇನು?" ಎಂದೆ.

"ಯಾವ ದೇವರೋ ಗೊತ್ತಾಗಲಿಲ್ರಿ ಬಾಯಾರ. ಚಕ್ರ ಅದ, ಅದಕ್ಕ ವಿಷ್ಣೂಂದs ಇರಬೇಕಂತ ಹೂ ಏರಸೀನಿ."

"ಅದು ಮೀನ ಹಿಡಿಯೂ ರೀಲ್."

ಆಕೆ ಆರತಿಯ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. "ಮೀನs?"

"ಇದು ಈವರೆಗೂ ಒಂದು ಮೀನೂ ಹಿಡದಿಲ್ಲ."

"ಹಿಡೀಲಿಕ್ಕೇ ಮಾಡಿದ್ದು ಹೌದಲ್ರಿ?" ಎಂದವಳೇ ಬಚ್ಚಲಿಗೆ ಹೋದಳು. ತಲೆಯ ಮೇಲೆ ನೀರು ಹೊಯ್ದುಕೊಂಡು, ತೊಯ್ದ ಸೀರೆಯಲ್ಲೇ ಬಂದು ನನ್ನ ಮುಂದೆ ನಿಂತಳು. "ಈಗ ನಾ ಮಾಡಿದ ಪೂಜಿ ಯಾರಿಗೆ ಮುಟ್ಟಿತು, ಅದನ್ನ ಹೇಳ್ರಿ. ಅದು ತಿಳಿಯೂತನಕ ನಾ ಒಲಿ ಹಚ್ಚಾಕಿ ಅಲ್ಲ."

ಕಾನ್ವೆಂಟಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಒಳಗಿನ ಕೋಣೆಯಿಂದ ಮಾವನವರ ದನಿ ಬಂತು: "ಮತ್ಸ್ಯಾವತಾರಕ್ಕ ಮುಟ್ಟೇದ. ಒಲಿ ಹಚ್ಚು."

ಆಕೆ ರೀಲಿಗೆ ಕೈ ಮುಗಿದು, ಒಲೆ ಹಚ್ಚಿದಳು.

ಕಿವಿಯ ರಿಪೇರಿ

ಧಾರವಾಡದಲ್ಲಿ ತಂಬೂರಿ ಸರಿಮಾಡುವವರು ಎಷ್ಟು ಬೇಕಾದರೂ ಸಿಗುತ್ತಾರೆ, ರೀಲು ಬಿಚ್ಚುವವರು ಸಿಗುವುದಿಲ್ಲ. ನಮ್ಮ ಯಜಮಾನರು ಕಾಲೇಜಿನಲ್ಲಿ ಗಣಿತ ಕಲಿಸುವವರು. ಯಂತ್ರವನ್ನು ಕಾಗದದ ಮೇಲೆ ಮಾತ್ರ ತಿರುಗಿಸಬಲ್ಲರು. ಆದ್ದರಿಂದ ಇಬ್ಬರೂ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಗ್ರಾಮಫೋನು ದುರಸ್ತಿ ಮಾಡುವ ಒಬ್ಬನ ಅಂಗಡಿಯಲ್ಲಿ ರೀಲು ಕೊಟ್ಟೆವು.

ಆತ ರೀಲನ್ನು ನೋಡಲೇ ಇಲ್ಲ. ಕಿವಿಗೆ ಹಿಡಿದು ಕಣ್ಣು ಮುಚ್ಚಿದ. "ಯಂತ್ರ ಕಣ್ಣಿಗೆ ಸುಳ್ಳ ಹೇಳತೈತ್ರಿ ಬಾಯಾರ. ಕಿವಿಗೆ ಹೇಳಂಗಿಲ್ಲ. ಸಂಜಿಕ ಬರ್ರಿ."

ಸಂಜೆ ಹೋದೆವು. ಹಿಡಿಕೆ ತಿರುಗುತ್ತಿತ್ತು! ಕರ್ರ್ ಕರ್ರ್ ಎಂದು ಒಳ್ಳೆಯ ಸಪ್ಪಳವೂ ಬರುತ್ತಿತ್ತು. "ಹೆಂಗೈತ್ರಿ ಲಯ?" ಎಂದು ಆತ ತಲೆದೂಗಿದ. ನಾನು ಮೇಜಿನ ಮೇಲೆ ನೋಡಿದೆ. ಅಲ್ಲೊಂದು ಹಲ್ಲಿನ ಗಾಲಿ ಒಂಟಿಯಾಗಿ ಬಿದ್ದಿತ್ತು.

"ಇದೇನು?"

"ಇದು ಉಳದದ್ದರಿ."

"ಎಲ್ಲಿಂದ ಉಳೀತು?"

"ಒಳಗಿಂದರಿ. ಈ ವಿಲಾಯತಿ ಸಾಹೇಬರು ಯಾವಾಗಲೂ ಒಂದು ಹೆಚ್ಚಿಗಿ ಹಾಕಿರ್ತಾರ. ಇದಿಲ್ದನ ಸಪ್ಪಳ ಇನ್ನೂ ಛಲೋ ಬರತೈತಿ, ನೀವs ಕೇಳ್ರಲ್ಲ."

ನಾನು ದಾರ ಸುತ್ತುವ ಉರುಳೆಯನ್ನು ತೋರಿಸಿದೆ. ಹಿಡಿಕೆ ಎಷ್ಟು ತಿರುಗಿಸಿದರೂ ಉರುಳೆ ಇದ್ದಲ್ಲೇ ಇತ್ತು. ಆತನಿಗೆ ಬೇಸರವಾಯಿತು. "ಅದೂ ತಿರಗಬೇಕಂತ ನೀವು ಮುಂಜಾನೆ ಹೇಳಲಿಲ್ಲಲ್ರಿ."

ನಾನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಯಜಮಾನರು ರೀಲನ್ನು ಕೈಗೆ ತೆಗೆದುಕೊಂಡು, ಬಹಳ ಹೊತ್ತು ತಿರುಗಿಸಿ ನೋಡಿ, ಶಾಂತವಾಗಿ ಹೇಳಿದರು: "ಹಿಡಿಕಿ ತಿರಗತದ, ಸಪ್ಪಳ ಆಗತದ, ಆದರ ಏನೂ ಮುಂದ ಹೋಗೂದಿಲ್ಲ. ನಮ್ಮ ಕಾಲೇಜಿನ ಮೀಟಿಂಗ್ ಇದ್ದಂಗs ಅದ."

ಕೋಟಿನ ತೂತು

ಮನೆಗೆ ಬಂದ ಮೇಲೆ ನಾನೇ ರೀಲು ಬಿಚ್ಚಿದೆ. ಹೊಲಿಗೆಯ ಪೆಟ್ಟಿಗೆಯನ್ನು ಹೇಗೆ ಇಡಬೇಕೆಂದು ಸಿಸ್ಟರುಗಳು ಕಲಿಸಿದ್ದರೋ ಹಾಗೆಯೇ, ಬಿಳಿ ಬಟ್ಟೆ ಹಾಸಿ, ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಿದೆ. ಚಿಮಣಿ ಎಣ್ಣೆಯಲ್ಲಿ ನೆನೆಸಿದೆ. ಕಿಲುಬಿಗೆ ಹುಣಿಸೆಹಣ್ಣು ಹಚ್ಚಿ, ಹಚ್ಚಿದ ಕೂಡಲೇ ತೊಳೆದೆ. ಬಹಳ ಜನ ಹುಣಿಸೆಹಣ್ಣು ಹಚ್ಚಿ ಮರೆತುಬಿಡುತ್ತಾರೆ; ಅದು ಕಿಲುಬನ್ನು ತಿಂದ ಮೇಲೆ ಹಿತ್ತಾಳೆಯನ್ನೂ ತಿನ್ನುತ್ತದೆ. ಕೊನೆಗೆ ಪ್ರತಿ ಗಾಲಿಗೂ ಹೊಲಿಗೆ ಯಂತ್ರದ ಎಣ್ಣೆ, ಒಂದೇ ಹನಿ. ಹುಬ್ಬಳ್ಳಿಯಲ್ಲಿ "ಉಳಿದ" ಗಾಲಿ ತನ್ನ ಜಾಗದಲ್ಲಿ ಸರಿಯಾಗಿ ಕೂತಿತು. ಉರುಳೆ ತಿರುಗಿತು.

ಆದರೆ ದಾರ ಲಗಾಮಿಲ್ಲದ ಕುದುರೆಯ ಹಾಗೆ ಓಡುತ್ತಿತ್ತು. ಒಳಗೆ ಬಿಗಿ ಹಿಡಿಯಲು ಇಟ್ಟಿದ್ದ ದುಂಡನೆಯ ತೊಗಲಿನ ಬಿಲ್ಲೆ ಕೊಳೆತು ಹೋಗಿತ್ತು. ಹೊಸ್ತಿಲಿನಾಚೆಯಿಂದ ನೋಡುತ್ತಿದ್ದ ಅಡಿಗೆಯಾಕೆ, "ಮೊದಲು ಮೀನ, ಈಗ ತೊಗಲs? ನಾ ಉಪ್ಪಿನಬೆಟಗೇರಿಗೆ ತಂಗಿ ಮನಿಗೆ ಹೋಗ್ತೇನ್ರಿ," ಎಂದು ಸೆರಗು ಕಟ್ಟಿದಳು. ಲಗ್ನದ ಮುಂದೆ ಅಡಿಗೆಯವಳನ್ನು ಕಳೆದುಕೊಳ್ಳುವ ಹೆಂಗಸು ಯಾರಿದ್ದಾರೆ? ನಾನು ಯಜಮಾನರ ಹಳೆಯ ಕೋಟು ತೆಗೆದು, ಕಿಸೆಯ ಒಳಗಿನ ದಪ್ಪ ಉಣ್ಣೆಯ ಬನಾತಿನಿಂದ ದುಂಡಗೆ ಒಂದು ತುಂಡು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ತೊಗಲಿನ ಜಾಗದಲ್ಲಿ ಕೂರಿಸಿದೆ. ಅದು ತೊಗಲಿಗಿಂತ ಚೆನ್ನಾಗಿ ಬಿಗಿ ಹಿಡಿಯಿತು.

ಇನ್ನು ಹಾಕುವುದಿಲ್ಲವೆಂದು ಹೇಳಿದ್ದ ಕೋಟನ್ನೇ ಯಜಮಾನರು ಆ ವಾರ ಕಾಲೇಜಿಗೆ ಹಾಕಿಕೊಂಡು ಹೋದರು. ಪಾಠ ಹೇಳುತ್ತ ಹೇಳುತ್ತ ಅಡ್ಡಾಡಿದಂತೆಲ್ಲ ಕಿಸೆಯೊಳಗಿನ ಸುಣ್ಣದ ಕಡ್ಡಿಗಳು ಒಂದೊಂದಾಗಿ ಕೆಳಗೆ ಉದುರಿದವಂತೆ.

"ನನ್ನ ಕೋಟಿಗೆ ತೂತು ಯಾಕ ಬಿದ್ದದ?" ಎಂದು ಮನೆಗೆ ಬಂದು ಕೇಳಿದರು.

"ನಿಮ್ಮ ತಂದೆಯವರ ರೀಲು ಸಡಿಲಿತ್ತು," ಎಂದೆ.

ಅವರು ಗಡ್ಡ ಕೆರೆದುಕೊಂಡು ಯೋಚಿಸಿದರು. "ಲೆಕ್ಕದ ರೀತಿ ತೋರಿಸಿಲ್ಲ. ಆದರ ಉತ್ತರ ಬರೋಬ್ಬರಿ ಇರಬೇಕು."

ವಾಸನೆ

ಅಂದಿನಿಂದ ದಿನವೂ ಬೆಳಿಗ್ಗೆ ಮಾವನವರು ಕಟ್ಟೆಯ ಮೇಲೆ ಕೂತು ರೀಲು ತಿರುಗಿಸತೊಡಗಿದರು. ಬೆರಳು ತಾವಾಗಿ ಹಿಡಿಯುತ್ತಿರಲಿಲ್ಲವಾದ್ದರಿಂದ ನಾನು ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಅವರ ಕೈಯನ್ನು ಹಿಡಿಕೆಗೆ ಕಟ್ಟುತ್ತಿದ್ದೆ. ತೋಳು ತಿರುಗುತ್ತಿತ್ತು. ಪಟ್ಟಿ ಬಿಚ್ಚಿದರೆ ಬೆರಳು ಬಿಚ್ಚಿಕೊಳ್ಳುತ್ತಿತ್ತು. "ಇನ್ನೂ ವ್ಯಾಳ್ಯಾ ಅದ ಮಾವನವರ," ಎನ್ನುತ್ತಿದ್ದೆ. "ರೀಲಿಗೆ ಇಷ್ಟು ವರ್ಷದ ಕಿಲುಬು ಬಿಟ್ಟದ. ಕೈಗೆ ಹಿಡದದ್ದು ನಾಕು ತಿಂಗಳದ್ದು."

ಈ ಕರ್ರ್ ಕರ್ರ್ ಸಪ್ಪಳ ಎದುರುಮನೆಯ ವಕೀಲರ ಕಿವಿಗೆ ಬಿತ್ತು. ಅವರು ಕೋರ್ಟಿನಲ್ಲಿ ಸೋತ ಖಟ್ಲೆಗಳನ್ನೆಲ್ಲ ಓಣಿಯಲ್ಲಿ ಗೆಲ್ಲುವ ಸ್ವಭಾವದವರು. ಅದು ಮೀನು ಹಿಡಿಯುವ ಸಾಧನ ಎಂದು ಎಲ್ಲಿಂದಲೋ ತಿಳಿದುಕೊಂಡರು. ಸಾಧನ ಇದೆ, ಆದ್ದರಿಂದ ಮೀನು ಇದೆ. ಮೀನು ಇದೆ, ಆದ್ದರಿಂದ ತಿನ್ನುತ್ತಾರೆ. ಖಟ್ಲೆ ಮುಗಿಯಿತು.

ಚೈತ್ರದ ಅರಿಶಿಣ ಕುಂಕುಮಕ್ಕೆ ನಮ್ಮ ಓಣಿಯ ಹೆಂಗಸರೆಲ್ಲ ಒಂದೇ ಕಡೆ ಸೇರಿದ್ದೆವು. ವಕೀಲರ ಹೆಂಡತಿ ಕೋಸಂಬರಿ ಬಡಿಸಿಕೊಳ್ಳುತ್ತ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ನನಗೆ ಹೇಳಿದರು: "ತಪ್ಪು ತಿಳ್ಕೋಬ್ಯಾಡ್ರಿ ವೈನಿ. ಮುಂಜಾನೆದ್ದು ನಿಮ್ಮ ಮನಿ ಕಡಿಂದ ಮೀನಿನ ವಾಸನಿ ಬರತದ ಅಂತ ನಮ್ಮವರು ಅಂತಾರ. ಖರೇ ಮೀನಿಂದs ಅಂತ."

ನಾನು ಬೆನ್ನು ನೇರ ಮಾಡಿಕೊಂಡೆ.

"ಮೀನಿನ ವಾಸನಿ ಹೆಂಗಿರತದಂತ ನಿಮ್ಮವರಿಗೆ ಹೆಂಗ ಗೊತ್ತಾತ್ರಿ?"

ಆಕೆಯ ಕೈಯಲ್ಲಿದ್ದ ಕೋಸಂಬರಿ ಬಾಯಿಗೂ ಹೋಗಲಿಲ್ಲ, ಎಲೆಗೂ ಇಳಿಯಲಿಲ್ಲ. ನಾನು ಮಾತ್ರ ಇನ್ನೊಮ್ಮೆ ಬಡಿಸಿಕೊಂಡೆ. ಕೋಸಂಬರಿ ಚೆನ್ನಾಗಿತ್ತು.

ಕೆಲಗೇರಿಯಲ್ಲಿ ಸಿಕ್ಕಿದ್ದು

ಲಗ್ನ ಹತ್ತಿರ ಬಂತು. ಪಟ್ಟಿ ಬಿಚ್ಚಿದರೆ ಬೆರಳು ಇನ್ನೂ ಬಿಚ್ಚಿಕೊಳ್ಳುತ್ತಲೇ ಇತ್ತು. ಮಾವನವರು ಒಂದು ದಿನ ರೀಲನ್ನು ಪಕ್ಕಕ್ಕಿಟ್ಟು, "ಬರೇ ಗಾಳಿ ತಿರಗಿಸಿ ಸಾಕಾತವಾ. ಒಮ್ಮೆ ನೀರಿಗೆ ಎಸದು ನೋಡಬೇಕು," ಎಂದರು. ಸಮುದ್ರವನ್ನು ಎಲ್ಲಿಂದ ತರುವುದು? ಕೆಲಗೇರಿಯ ಕೆರೆ ಇತ್ತು. ಬಿದಿರಿನ ಕೋಲಿಗೆ ರೀಲು ಬಿಗಿದು, ದಾರದ ತುದಿಗೆ ಸೀಸದ ಗುಂಡು ಕಟ್ಟಿ, ನಸುಕಿನಲ್ಲೇ ಟಾಂಗಾ ಹೇಳಿಸಿದೆ.

ಎದುರುಮನೆಯ ಕಿಟಕಿ ತೆರೆದದ್ದನ್ನು ನೋಡಿದೆ. ವಕೀಲರು ಸೈಕಲ್ ತೆಗೆದುಕೊಂಡು ಅಡ್ಡದಾರಿಯಲ್ಲಿ ನಮಗಿಂತ ಮೊದಲೇ ಕೆರೆ ಮುಟ್ಟಿ, ದಂಡೆಯ ತಿರುವಿನಲ್ಲಿ ಬೆಳೆದ ಜೊಂಡಿನ ಹಿಂದೆ ಅಡಗಿ ಕೂತದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಮಾವನವರು ಮೀನು ಹಿಡಿಯುವುದನ್ನು ಕಣ್ಣಾರೆ ಕಂಡು ಬರಬೇಕೆಂಬುದು ಅವರ ಉದ್ದೇಶ.

ಮಾವನವರು ಎಡಗೈಯಿಂದ ಕೋಲು ಬೀಸಿದರು. ಗುಂಡು ಬಿಸಿಲಿನಲ್ಲಿ ಮಿಂಚುತ್ತ ಹೋಗಿ, ನೀರಿನ ಆಚೆ, ಜೊಂಡಿನ ಹತ್ತಿರದ ಕೆಸರಿನಲ್ಲಿ ಬಿತ್ತು. "ನೋಡಿದಿ? ಸಾಹೇಬನ ಅಪ್ಪಗೂ ಆಗೂದಿಲ್ಲ," ಎಂದರು. ಆ ದಿನ ಕೈಗೆ ಪಟ್ಟಿ ಕಟ್ಟಿರಲಿಲ್ಲ, ಅವರೇ ಬೇಡವೆಂದಿದ್ದರು. ಬಲಗೈ ಹಿಡಿಕೆಯ ಮೇಲೆ ಸುಮ್ಮನೆ ಒರಗಿತ್ತು.

ಆಗ ದಾರ ಬಿಗಿಯಿತು. ರೀಲು ಕರ್ರ್ ಎಂದಿತು.

"ಏನೋ ಹಿಡದದ!" ಎಂದು ಮಾವನವರು ಕೂಗಿದರು.

"ಹಿಡೀಲಿಕ್ಕೆ ಗಾಳನs ಕಟ್ಟಿಲ್ಲಲ್ರಿ ಮಾವನವರ."

"ಜಗ್ಗಲಿಕ್ಕತ್ತದ ನೋಡವಾ!"

ಜಗ್ಗುತ್ತಿದ್ದವರು ವಕೀಲರು. ತಮ್ಮ ಪಾದದ ಮುಂದೆಯೇ ಸಾಕ್ಷ್ಯ ಬಂದು ಬಿದ್ದರೆ ಯಾವ ವಕೀಲ ಸುಮ್ಮನಿರುತ್ತಾನೆ? ಗುಂಡನ್ನು ಗಾಳವೆಂದೇ ತಿಳಿದು ಮುಷ್ಟಿಯಲ್ಲಿ ಹಿಡಿದು, ಕೈಬಿಟ್ಟು ಹೋಗದಿರಲೆಂದು ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದರು. ಈ ಕಡೆ ಮಾವನವರು ಎಳೆದರು, ಆ ಕಡೆ ಜೊಂಡು ಅಲ್ಲಾಡಿತು.

"ಎಳೀಬ್ಯಾಡ್ರಿ!" ಎಂದು ಜೊಂಡಿನೊಳಗಿಂದ ದನಿ ಬಂತು.

"ಯಾರದು?" ಎಂದೆ ನಾನು.

"ಅದನ್ನ ಈಗ ಹೇಳೂದಿಲ್ಲ!"

"ಹಂಗಾದ್ರ ದಾರಾ ಬಿಡ್ರಿ!"

"ಬಿಡೂದಿಲ್ಲ! ಇದು ಪುರಾವೆ!"

ಕೆಸರು ಯಾರ ಪುರಾವೆಯನ್ನೂ ಕೇಳುವುದಿಲ್ಲ. ವಕೀಲರು ಜಾರಿದರು. ಮೊದಲು ಮೊಣಕಾಲು, ಆಮೇಲೆ ನಡ. ಧೋತರ ನೀರಿನ ಮೇಲೆ ಗಾಳಿ ತುಂಬಿ ಉಬ್ಬಿತು. ರುಮಾಲು ತಲೆಯಿಂದ ಇಳಿದು ತನ್ನ ದಾರಿ ತಾನು ಹಿಡಿದು ತೇಲಿತು. "ಕಾರವಾರದಾಗ ಸಾಹೇಬನ ಮೀನೂ ಹಿಂಗ ಜಗ್ಗಿದ್ದಿಲ್ಲ!" ಎಂದು ಮಾವನವರು ಎದೆಯುಬ್ಬಿಸಿ ತಿರುಗಿಸತೊಡಗಿದರು.

ಸಾಕು ನಿಲ್ಲಿಸಿರಿ ಎನ್ನಲು ನಾನು ಬಾಯಿ ತೆರೆದೆ. ಆಗ ನನ್ನ ಕಣ್ಣು ಅವರ ಬಲಗೈ ಮೇಲೆ ಬಿತ್ತು. ಹೆಬ್ಬೆರಳು ಬಾಗಿತ್ತು. ತೋರುಬೆರಳು ಬಾಗಿತ್ತು. ಉಳಿದ ಬೆರಳುಗಳೂ ಹಿಡಿಕೆಯ ಸುತ್ತ ಮುಚ್ಚಿಕೊಂಡು, ಗೆಣ್ಣು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದವು. ನಾನು ಬಾಯಿ ಮುಚ್ಚಿಕೊಂಡೆ. ಇನ್ನೂ ನಾಲ್ಕು ಸುತ್ತು ಆಗಲಿ ಎಂದು ದೇವರನ್ನು ಬೇಡಿಕೊಂಡೆ. ಬನಾತಿನ ಬಿಲ್ಲೆ ಒಮ್ಮೆಯೂ ಜಾರಲಿಲ್ಲ.

ವಕೀಲರು ನಮ್ಮ ಕಾಲಬುಡಕ್ಕೆ ಬಂದು ಮುಟ್ಟಿದರು. ಕೆನ್ನೆಗೆ ಪಾಚಿ ಅಂಟಿತ್ತು. ಎದ್ದು ನಿಂತು, ಮುಷ್ಟಿ ಬಿಚ್ಚಿ ನೋಡಿದರು. ಬೋಳು ಸೀಸದ ಗುಂಡು. ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಗಾಳ ಎಲ್ಲದ?" ಎಂದರು.

"ಗಾಳ ಇಲ್ಲ ವಕೀಲರ," ಎಂದರು ಮಾವನವರು. "ಗಾಳ ಇಲ್ಲದs ಇಷ್ಟು ಲಗೂ ಬಂದೀರಿ. ಇದ್ದಿದ್ದರ ನಮ್ಮ ಪಂಕ್ತಿ ಊಟಕ್ಕs ಬರ್ತಿದ್ರಿ."

ಮನೆಗೆ ಬಂದು ನಾನು ರೀಲನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಟ್ಟು, ದಾರವನ್ನು ನೆರಳಿನಲ್ಲಿ ಒಣಗಲು ಹಾಕಿದೆ. ಕೆರೆಯ ನೀರಾದರೂ ಈ ಕ್ರಮ ತಪ್ಪಿಸಬಾರದು. ಅಷ್ಟರಲ್ಲಿ ಮಾವನವರು ಕೋಣೆಯ ಬಾಗಿಲಿಗೆ ಬಂದು ನಿಂತರು. "ಇವತ್ತ ನನ್ನ ಎಲಿ ಹೊರಗ ಹಾಕವಾ," ಎಂದರು. ಹಾಕಿದೆ. ಬಲಗೈಯಿಂದ ಅನ್ನ ಕಲಸಿ ತುತ್ತು ಎತ್ತಿದರು. ಅರ್ಧ ಬಾಯಿಗೆ ಹೋಯಿತು, ಅರ್ಧ ಎಲೆಯ ಮೇಲೆ ಬಿತ್ತು. "ಇನ್ನರ್ಧ ಲಗ್ನದಾಗ," ಎಂದು ನಕ್ಕರು. ಅಡಿಗೆಯಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಪಡಸಾಲೆಗೆ ಹೋಗಿ, ಗೂಡಿನಲ್ಲಿದ್ದ ರೀಲಿಗೆ ಒಂದು ದಾಸವಾಳ ಏರಿಸಿದಳು. ಈ ಸಲ ಯಾವ ದೇವರೆಂದು ಯಾರನ್ನೂ ಕೇಳಲಿಲ್ಲ.

ಈಗ ಅವರು ದಿನವೂ ಎಲ್ಲರೊಡನೆ ಕೂತು ಉಣ್ಣುತ್ತಾರೆ. ಲಗ್ನದ ಪಂಕ್ತಿಯಲ್ಲಿ ಮೊದಲ ಎಲೆ ಅವರದು. ಅವರ ಪಕ್ಕದ ಎಲೆ ವಕೀಲರದು. ಹಾಗೆಂದು ಮಾವನವರೇ ಹೇಳಿದ್ದಾರೆ, ನಾನು ಒಪ್ಪಿದ್ದೇನೆ.

ಆದರೆ ತೊಯ್ದ ಧೋತರಕ್ಕಾಗಿ ನಾವು ಅವರ ಕ್ಷಮೆ ಕೇಳಬೇಕೆಂದು ವಕೀಲರು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆಂದು ತಿಳಿಯಿತು. ಟಾಂಗಾದವನಿಂದ ಕೆರೆಯೊಳಗಿಂದ ತೆಗೆಸಿ ತಂದ ಅವರ ರುಮಾಲು ನಮ್ಮ ಮನೆಯಲ್ಲಿದೆ. ಒಗೆಸಿ, ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ. ಲಗ್ನಕ್ಕೆ ಮೊದಲು ಅವರು ನಮ್ಮ ಮನೆಗೆ ಬರಬೇಕು, ಮಾವನವರ ಮುಂದೆ ನಿಲ್ಲಬೇಕು, ಮೀನಿನ ಮಾತು ಸುಳ್ಳೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಕ್ಷಮೆ ಕೇಳಬೇಕು.